ಗುಳಿಗೆ ಹನ್ನೊಂದು ಗಂಟೆ ತಡವಾಯಿತು, ಗರ್ಭ ನಿಲ್ಲಬಹುದೇ?

ತೋಟದ ಮನೆ | ಡಿಸೆಂಬರ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಾಯಿಬಿಟ್ಟು ಕೇಳುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಮದುವೆಯಾಗಿ ಏಳು ತಿಂಗಳಾಗಿದೆ. ಯಜಮಾನರು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದಾರೆ. ನನ್ನ ಬಿ.ಎಡ್. ಮುಗಿಯುವ ತನಕ ಮಗು ಬೇಡವೆಂದು ಇಬ್ಬರೂ ಮಾತಾಡಿಕೊಂಡು, ಪಕ್ಕದ ಮನೆಯ ಅಕ್ಕನ ಕೈಯಲ್ಲಿ ಆಶಾ ಕಾರ್ಯಕರ್ತೆಯಿಂದ ಮಾಲಾ-ಎನ್ ಗರ್ಭನಿರೋಧಕ ಗುಳಿಗೆ ತರಿಸಿಕೊಂಡು ಕಳೆದ ತಿಂಗಳ ಕೊನೆಗೆ ಶುರು ಮಾಡಿದೆ. ರಾತ್ರಿ ಎಂಟು ಗಂಟೆಗೆ, ಊಟವಾದ ಕೂಡಲೇ ನುಂಗುವ ಅಭ್ಯಾಸ.

ಮೊನ್ನೆ 10ನೇ ತಾರೀಖು ಸಂಜೆ ಲೈನ್ ಮನೆಗಳ ಹಿಂದಿನ ಬಾಳೆಗೆ ಆನೆಗಳು ಇಳಿದವು. ಏಳು ಗಂಟೆಯ ಹೊತ್ತಿಗೆ ನಮ್ಮನ್ನೆಲ್ಲ ಬಂಗಲೆಗೆ ಕರೆದುಕೊಂಡು ಹೋದರು. ಗುಳಿಗೆಯ ಪ್ಯಾಕೆಟ್ ಅಡುಗೆಮನೆಯ ಸಕ್ಕರೆ ಡಬ್ಬಿಯ ಹಿಂದೆಯೇ ಉಳಿಯಿತು. ಅತ್ತೆ ಜೊತೆಯಲ್ಲಿದ್ದುದರಿಂದ ಯಜಮಾನರಿಗೆ ಹೇಳುವಂತಿರಲಿಲ್ಲ, ಹೇಳಿದರೂ ಆ ಕತ್ತಲೆಯಲ್ಲಿ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದವಳೇ ನುಂಗಿದೆ, ಆ ರಾತ್ರಿಯ ಗುಳಿಗೆಯನ್ನು ಎಂದಿನಂತೆ ಎಂಟಕ್ಕೇ ತೆಗೆದುಕೊಂಡೆ. ಅಂದಿನಿಂದ ಹೊಟ್ಟೆ ತೊಳಸಿದಂತಾಗುತ್ತಿದೆ. ಹನ್ನೊಂದು ಗಂಟೆ ತಡವಾದದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಹೂಮಳೆ | ಡಿಸೆಂಬರ್ 12, ರಾತ್ರಿ 10.15

ತಂಗಿ, ಹೆದರಬೇಡಿ. ನಾನು ಸೋಮವಾರಪೇಟೆಯವಳು, ನಾಲ್ಕು ವರ್ಷ ಮಾಲಾ-ಡಿ ತೆಗೆದುಕೊಂಡಿದ್ದೇನೆ. ರಾತ್ರಿಯದನ್ನು ಬೆಳಿಗ್ಗೆ ನುಂಗಿದ ದಿನಗಳು ಎಷ್ಟೋ ಇವೆ, ಏನೂ ಆಗಲಿಲ್ಲ. ಮೊದಲ ತಿಂಗಳು ನನಗೂ ಹೊಟ್ಟೆ ತೊಳಸುತ್ತಿತ್ತು. ಊಟದ ಜೊತೆಗೇ ನುಂಗಲು ಶುರು ಮಾಡಿದ ಮೇಲೆ ಕಡಿಮೆಯಾಯಿತು.

ನಾಪೋಕ್ಲಿನ ಬಾಣಂತಿ | ಡಿಸೆಂಬರ್ 12, ರಾತ್ರಿ 10.50

ಇಷ್ಟು ಸಲೀಸಾಗಿ ಹೇಳುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ನಾನು ಮಗುವಿಗೆ ಹಾಲೂಡಿಸುತ್ತಿದ್ದೇನೆ, ನನಗೂ ಗುಳಿಗೆಯನ್ನೇ ಬರೆದುಕೊಟ್ಟಿದ್ದಾರೆ. ಹನ್ನೆರಡು ಗಂಟೆ ಮೀರಿದರೆ ಎರಡು ದಿನ ಕಾಂಡೋಮ್ ಬಳಸಲೇಬೇಕೆಂದು ವೈದ್ಯರು ಎಚ್ಚರಿಸಿದ್ದಾರೆ. ನನ್ನ ಅಕ್ಕನಿಗೆ ಬೇರೊಂದು ಗುಳಿಗೆ ಕೊಟ್ಟಾಗ ಮೂರೇ ಗಂಟೆಯ ಗಡುವು ಹೇಳಿದ್ದರು. ತೋಟದ ಮನೆಯವರಿಗೆ ಹನ್ನೊಂದು ಗಂಟೆ ತಡವಾಗಿರುವಾಗ ಏನೂ ಆಗುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ನಿವೃತ್ತ ಸಿಸ್ಟರ್ | ಡಿಸೆಂಬರ್ 13, ಬೆಳಿಗ್ಗೆ 6.20

ನಿಮ್ಮಿಬ್ಬರ ಮಾತೂ ಸರಿಯೇ, ಆದರೆ ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ಗುಳಿಗೆಗಳ ವಿಷಯ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿಯೂ ಉಪಕೇಂದ್ರದಲ್ಲಿಯೂ ದುಡಿದವಳಾಗಿ ಹೇಳುತ್ತೇನೆ, ಈ ಬಗೆಯ ಗೊಂದಲದಲ್ಲಿ ಅರ್ಧಕ್ಕರ್ಧ ಹುಟ್ಟುವುದು ಎಲ್ಲವನ್ನೂ ‘ಗುಳಿಗೆ’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ.

ಹಾಲೂಡಿಸುವ ತಾಯಂದಿರಿಗೆ ಕೊಡುವುದು ಪ್ರೊಜೆಸ್ಟೋಜೆನ್ ಎಂಬ ಒಂದೇ ಹಾರ್ಮೋನು ಇರುವ ಮಿನಿ ಪಿಲ್. ಅದರ ಹಳೆಯ ಬಗೆಗಳಿಗೆ ಮೂರು ಗಂಟೆಯ ಗಡುವು, ಡೆಸೊಜೆಸ್ಟ್ರೆಲ್ ಇರುವುದಕ್ಕೆ ಹನ್ನೆರಡು ಗಂಟೆಯ ಗಡುವು. ಹಳೆಯ ಮಿನಿ ಪಿಲ್ ಮುಖ್ಯವಾಗಿ ಗರ್ಭಕೊರಳಿನ ಲೋಳೆಯನ್ನು ಗಟ್ಟಿ ಮಾಡಿ ವೀರ್ಯಾಣುವನ್ನು ತಡೆಯುತ್ತದೆ. ಹೊತ್ತು ಮೀರಿದರೆ ಆ ಲೋಳೆ ಮತ್ತೆ ತೆಳುವಾಗುವುದರಿಂದ ಗಡಿಯಾರವನ್ನು ಅಷ್ಟು ಬಿಗಿಯಾಗಿ ನೋಡಬೇಕಾಗುತ್ತದೆ.

ಮಾಲಾ-ಎನ್ ಮತ್ತು ಮಾಲಾ-ಡಿ ಎರಡೆರಡು ಹಾರ್ಮೋನು ಇರುವ ಗುಳಿಗೆಗಳು. ಒಂದೊಂದರಲ್ಲೂ ಲೆವೊನೋರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಿಯಾಲ್ 0.03 ಮಿಲಿಗ್ರಾಂ ಇರುತ್ತದೆ. ಸರ್ಕಾರ ಉಚಿತವಾಗಿ ಕೊಡುವುದು ಎನ್, ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಗುವುದು ಡಿ. ಇವು ಅಂಡಾಶಯವನ್ನೇ ಸುಮ್ಮನಿರಿಸಿ ಅಂಡ ಬಿಡುಗಡೆಯಾಗದಂತೆ ತಡೆಯುತ್ತವೆ. ಹಾಗೆ ಸುಮ್ಮನಾದ ಅಂಡಾಶಯ ಒಂದು ರಾತ್ರಿಯ ತಡಕ್ಕೆ ಏಳುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗಿನ ತಡಕ್ಕೆ ನೆನಪಾದ ಕೂಡಲೇ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೆ ತೆಗೆದುಕೊಂಡರೆ ಮುಗಿಯಿತು. ಬೇರೆ ರಕ್ಷಣೆಯೂ ಬೇಡ. ಆನೆಯ ರಾತ್ರಿಯ ಮಟ್ಟಿಗೆ ತೋಟದ ಮನೆಯವರು ಮಾಡಿದ್ದು ಸರಿಯಾಗಿಯೇ ಇದೆ.

ಆದರೆ ನಿಮ್ಮ ಬರಹದಲ್ಲಿ ಒಂದು ಮಾತು ಕಾಣಲಿಲ್ಲ. ಮುಟ್ಟು ಶುರುವಾಗಿ ಎಷ್ಟನೆಯ ದಿನಕ್ಕೆ ಮೊದಲ ಗುಳಿಗೆ ನುಂಗಿದಿರಿ? ಅಲ್ಲಿಂದ ಮುಂದಿನ ಒಂದು ವಾರದಲ್ಲಿ ದೇಹಸಂಪರ್ಕ ಆಗಿತ್ತೇ, ಆಗಿದ್ದರೆ ಕಾಂಡೋಮ್ ಇತ್ತೇ? ನಿಮ್ಮನ್ನು ಮುಜುಗರಪಡಿಸುವ ಉದ್ದೇಶವಿಲ್ಲ. ಉತ್ತರ ನಿಂತಿರುವುದು ಅದರ ಮೇಲೆಯೇ.

ತೋಟದ ಮನೆ | ಡಿಸೆಂಬರ್ 13, ಮಧ್ಯಾಹ್ನ 1.30

ಸಿಸ್ಟರ್, ಮುಟ್ಟು ಶುರುವಾದದ್ದು ನವೆಂಬರ್ 22ಕ್ಕೆ. ಪ್ಯಾಕೆಟ್ ಕೈಗೆ ಬಂದದ್ದು 29ಕ್ಕೆ, ಅಂದು ರಾತ್ರಿಯೇ ಶುರು ಮಾಡಿದೆ. ಅದಕ್ಕೂ ಮೊದಲು ಒಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿದ್ದಾಗ, ಯಾವ ದಿನ ಬೇಕಾದರೂ ಶುರು ಮಾಡಬಹುದು ಎಂದು ಹೇಳಿದ್ದರು, ನಾನು ನಂಬಿದೆ. ಪ್ಯಾಕೆಟ್ ಬೇರೆಯವರ ಕೈಯಿಂದ ಬಂದದ್ದರಿಂದ ಆಶಾ ಕಾರ್ಯಕರ್ತೆಯನ್ನು ನೇರವಾಗಿ ಕೇಳಲಾಗಲಿಲ್ಲ. ಡಿಸೆಂಬರ್ 2ಕ್ಕೆ ಮತ್ತು 4ಕ್ಕೆ ಆಗಿತ್ತು. ಗುಳಿಗೆ ಇದೆಯಲ್ಲ ಎಂದು ಕಾಂಡೋಮ್ ಬಳಸಲಿಲ್ಲ. ಮುಟ್ಟು ನಿಂತ ಮೇಲೆ 29ರವರೆಗೆ ಮಾತ್ರ ಏನೂ ಇರಲಿಲ್ಲ, ಯಜಮಾನರು ಊರಿನಲ್ಲಿರಲಿಲ್ಲ.

ನಿವೃತ್ತ ಸಿಸ್ಟರ್ | ಡಿಸೆಂಬರ್ 13, ಸಂಜೆ 5.10

ಮುಚ್ಚುಮರೆಯಿಲ್ಲದೆ ಬರೆದದ್ದು ಒಳ್ಳೆಯದಾಯಿತು. ಯೋಚಿಸಬೇಕಾದದ್ದು 10ನೇ ತಾರೀಖಿನ ರಾತ್ರಿಯ ಬಗ್ಗೆ ಅಲ್ಲ, 2 ಮತ್ತು 4ನೇ ತಾರೀಖುಗಳ ಬಗ್ಗೆ.

ಯಾವ ದಿನ ಬೇಕಾದರೂ ಶುರು ಮಾಡಬಹುದು ಎಂಬುದು ಅರ್ಧ ಸತ್ಯ. ಗರ್ಭಿಣಿಯಲ್ಲವೆಂಬುದು ಖಚಿತವಿದ್ದರೆ ಯಾವ ದಿನವಾದರೂ ಶುರು ಮಾಡಬಹುದು, ಅದು ನಿಜ. ಆದರೆ ಅಂದಿನಿಂದಲೇ ರಕ್ಷಣೆ ಸಿಗುವುದು ಮುಟ್ಟಿನ ಮೊದಲ ಐದು ದಿನಗಳೊಳಗೆ ಶುರು ಮಾಡಿದವರಿಗೆ ಮಾತ್ರ. ಆ ಹೊತ್ತಿಗೆ ಅಂಡಾಶಯದಲ್ಲಿ ಯಾವ ಅಂಡಕೋಶವೂ ಬಲಿತಿರುವುದಿಲ್ಲ, ಬೆಳೆಯುವ ಮೊದಲೇ ಗುಳಿಗೆ ಅದನ್ನು ತಡೆಯುತ್ತದೆ. ಎಂಟನೆಯ ದಿನದ ಹೊತ್ತಿಗೆ ಕೆಲವರಲ್ಲಿ ಒಂದು ಕೋಶ ಮುಂದೆ ಬಂದು ಬಲಿಯತೊಡಗಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಬಿಡದೆ ಏಳು ದಿನ ಗುಳಿಗೆ ಬೇಕು. ಅದಕ್ಕಾಗಿಯೇ ಐದನೆಯ ದಿನ ದಾಟಿ ಶುರು ಮಾಡಿದವರು ಮೊದಲ ಏಳು ದಿನ ಕಾಂಡೋಮ್ ಬಳಸಬೇಕು ಅಥವಾ ದೂರವಿರಬೇಕು ಎಂಬ ನಿಯಮವಿದೆ. ನಿಮ್ಮ ಏಳನೆಯ ಗುಳಿಗೆ ಡಿಸೆಂಬರ್ 5ಕ್ಕೆ ಬರುತ್ತದೆ. 2ಕ್ಕೆ ನಾಲ್ಕನೆಯದು, 4ಕ್ಕೆ ಆರನೆಯದು. ಹೀಗಾಗಿ ಎರಡು ಸಂಪರ್ಕಗಳೂ ರಕ್ಷಣೆ ಪೂರ್ತಿ ಕೂಡಿಬರುವ ಮೊದಲೇ ಆದವು.

ಗಾಬರಿಯಾಗಬೇಡಿ. ಅಷ್ಟರಲ್ಲಿ ಗುಳಿಗೆ ತನ್ನ ಕೆಲಸವನ್ನು ತಕ್ಕಮಟ್ಟಿಗೆ ಮಾಡಿರುವುದರಿಂದ ಗರ್ಭ ನಿಲ್ಲುವ ಸಾಧ್ಯತೆ ದೊಡ್ಡದಲ್ಲ, ಆದರೆ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. 4ನೇ ತಾರೀಖಿನ ಬೆನ್ನಿಗೇ ತಿಳಿದಿದ್ದರೆ ಸಂಪರ್ಕವಾದ ಮೇಲೆ ಗರ್ಭ ತಡೆಯಲು ನುಂಗುವ ತುರ್ತು ಗುಳಿಗೆಯನ್ನು ಯೋಚಿಸಬಹುದಿತ್ತು. ಲೆವೊನೋರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಒಂದೇ ಗುಳಿಗೆ ಅದು, ಆಶಾ ಕಾರ್ಯಕರ್ತೆಯರ ಬಳಿ ಈಜಿ ಪಿಲ್ ಎಂಬ ಹೆಸರಿನಲ್ಲಿರುತ್ತದೆ. 72 ಗಂಟೆಯೊಳಗೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಮೇಲು, 120 ಗಂಟೆಯವರೆಗೂ ಸ್ವಲ್ಪ ಉಪಯೋಗವಿದೆ. ಆ ಅವಧಿ ಈಗ ದಾಟಿಹೋಗಿದೆ, ಈಗ ಅದನ್ನು ನುಂಗಿ ಪ್ರಯೋಜನವಿಲ್ಲ.

ಈಗಿನ ಪ್ಯಾಕೆಟ್ ನಿಲ್ಲಿಸಬೇಡಿ. ಒಂದು ವೇಳೆ ಗರ್ಭ ನಿಂತಿದ್ದರೂ, ತಿಳಿಯದೆ ಕೆಲವು ದಿನ ತೆಗೆದುಕೊಂಡ ಈ ಗುಳಿಗೆಯಿಂದ ಮಗುವಿಗೆ ಅಂಗವೈಕಲ್ಯ ಬರುವುದಿಲ್ಲ. ಕೊನೆಯ ಅರಕ್ಷಿತ ಸಂಪರ್ಕವಾಗಿ 21 ದಿನ ಕಳೆದ ಮೇಲೆ, ಎಂದರೆ ಡಿಸೆಂಬರ್ 25ಕ್ಕೆ ಅಥವಾ ಅದರ ನಂತರ, ಬೆಳಗಿನ ಮೊದಲ ಮೂತ್ರದಲ್ಲಿ ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್‌ನಿಂದ ಪರೀಕ್ಷೆ ಮಾಡಿಕೊಳ್ಳಿ. ಉಪಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಅದಕ್ಕೂ ಮುಂಚೆ ಮಾಡಿದರೆ ‘ಇಲ್ಲ’ ಎಂದು ಬಂದ ಉತ್ತರವನ್ನು ನಂಬುವಂತಿಲ್ಲ. ಪ್ಯಾಕೆಟ್‌ನ ಕೊನೆಯ ಏಳು ಕಂದು ಗುಳಿಗೆಗಳ ವಾರದಲ್ಲಿ ರಕ್ತ ಕಂಡರೂ ಪರೀಕ್ಷೆ ತಪ್ಪಿಸಬೇಡಿ, ಏಕೆಂದರೆ ಗುಳಿಗೆಯ ಮೇಲಿರುವಾಗ ಬರುವ ರಕ್ತ ಹಾರ್ಮೋನು ನಿಂತಾಗ ಬರುವ ಸ್ರಾವವೇ ಹೊರತು ನಿಜವಾದ ಮುಟ್ಟಲ್ಲ, ಅದನ್ನೊಂದೇ ಸಾಕ್ಷಿಯಾಗಿ ಹಿಡಿಯಬಾರದು. ಈ ನಡುವೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ಜೋರಾದ ನೋವೋ ತಲೆಸುತ್ತೋ ಬಂದರೆ ಯಾವ ಕಿಟ್‌ಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಕುಶಾಲನಗರದ ಗಂಡಸು | ಡಿಸೆಂಬರ್ 13, ರಾತ್ರಿ 9.05

ನಾನು ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು, ತಪ್ಪಾಗಿದ್ದರೆ ಕ್ಷಮಿಸಿ. ನನ್ನ ಹೆಂಡತಿಯೂ ಇದೇ ಗುಳಿಗೆ ತೆಗೆದುಕೊಳ್ಳುತ್ತಾಳೆ. ಕಳೆದ ತಿಂಗಳು ತವರಿಗೆ ಹೋದಾಗ ಪ್ಯಾಕೆಟ್ ಇಲ್ಲೇ ಬಿಟ್ಟು ಹೋಗಿ ಮೂರು ರಾತ್ರಿ ತಪ್ಪಿತು. ಬಂದ ಮೇಲೆ ಮೂರನ್ನೂ ಒಟ್ಟಿಗೆ ನುಂಗಿದಳು, ಮರುದಿನವೆಲ್ಲ ವಾಂತಿ. ತಡವಾಗುವುದಕ್ಕೂ ತಪ್ಪುವುದಕ್ಕೂ ಗೆರೆ ಎಲ್ಲಿದೆ ಎಂದು ಸಿಸ್ಟರ್ ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಸಿಸ್ಟರ್ | ಡಿಸೆಂಬರ್ 14, ಬೆಳಿಗ್ಗೆ 6.45

ಗಂಡಂದಿರು ಕೇಳಿದರೆ ನನಗೆ ಸಂತೋಷವೇ. ಏಳು ದಿನದ ಕಾಂಡೋಮ್ ನಿಯಮ ಗಂಡಸಿಗೆ ಗೊತ್ತಿಲ್ಲದೆ ಹೆಂಗಸೊಬ್ಬಳಿಗೆ ಗೊತ್ತಿದ್ದು ಏನು ಪ್ರಯೋಜನ?

ಎಂದಿನ ಹೊತ್ತಿನಿಂದ ಲೆಕ್ಕ ಹಾಕಿ. ಇಪ್ಪತ್ತನಾಲ್ಕು ಗಂಟೆಯೊಳಗಾದರೆ ಅದು ತಡ, ಅಷ್ಟು ಹೊತ್ತು ಕಳೆದರೆ ತಪ್ಪಿದ ಹಾಗೆ. ಒಂದೇ ಒಂದು ಗುಳಿಗೆ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಬೇಕು, ಅಂದಿನದನ್ನು ಅಂದೇ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ತೊಂದರೆಯಿಲ್ಲ. ಎರಡು ಅಥವಾ ಹೆಚ್ಚು ತಪ್ಪಿದ್ದರೆ ತೀರಾ ಇತ್ತೀಚಿನ ಒಂದನ್ನು ಮಾತ್ರ ನುಂಗಿ, ಉಳಿದವನ್ನು ಎಸೆದು, ಮುಂದಿನವನ್ನು ಎಂದಿನಂತೆ ನಡೆಸಿಕೊಂಡು, ಬಿಡದೆ ಏಳು ಗುಳಿಗೆ ಆಗುವ ತನಕ ಕಾಂಡೋಮ್ ಬಳಸಬೇಕು. ಮೂರನ್ನು ಒಟ್ಟಿಗೆ ನುಂಗಿದರೆ ವಾಂತಿಯೊಂದೇ ಲಾಭ. ಅಂದ ಹಾಗೆ, ಗುಳಿಗೆ ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು.

ಯಾವ ವಾರದಲ್ಲಿ ತಪ್ಪಿತು ಎಂಬುದು ಇದಕ್ಕಿಂತಲೂ ಮುಖ್ಯ. ಪ್ಯಾಕೆಟ್‌ನಲ್ಲಿ 21 ಬಿಳಿ ಗುಳಿಗೆಗಳು, 7 ಕಂದು ಗುಳಿಗೆಗಳು ಇರುತ್ತವೆ. ಕಂದಿನಲ್ಲಿರುವುದು ಬರೀ ಕಬ್ಬಿಣಾಂಶ. ಅದನ್ನು ಮರೆತರೆ ಗರ್ಭದ ದೃಷ್ಟಿಯಿಂದ ಏನೂ ಆಗುವುದಿಲ್ಲ, ತಪ್ಪಿದ್ದನ್ನು ಎಸೆದು ಮುಂದಕ್ಕೆ ಹೋಗಬಹುದು. ಆದರೆ ಆ ಏಳು ದಿನ ಅಂಡಾಶಯಕ್ಕೆ ಹಾರ್ಮೋನಿನ ತಡೆ ಇರುವುದಿಲ್ಲ, ಅದು ನಿಧಾನವಾಗಿ ಎಚ್ಚರಗೊಳ್ಳುತ್ತಿರುತ್ತದೆ. ಏಳಕ್ಕೆ ಎಂಟನೆಯ, ಒಂಬತ್ತನೆಯ ದಿನ ಸೇರಿದರೆ ಅಂಡ ಬಿಡುಗಡೆಯಾಗುವ ದಾರಿ ತೆರೆಯುತ್ತದೆ. ಹೊಸ ಪ್ಯಾಕೆಟ್ ತಡವಾಗಿ ಶುರು ಮಾಡುವುದೂ ಮೊದಲ ವಾರದ ಬಿಳಿ ಗುಳಿಗೆಗಳನ್ನು ತಪ್ಪಿಸುವುದೂ ಅಪಾಯಕಾರಿ ಎನ್ನುವುದು ಇದಕ್ಕೇ. ನನ್ನ ಅನುಭವದಲ್ಲಿ ‘ಗುಳಿಗೆ ತಿಂದೂ ಗರ್ಭ ನಿಂತಿತು’ ಎಂದು ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಹೊಸ ಪ್ಯಾಕೆಟ್‌ನ ಹೊಸ್ತಿಲಲ್ಲಿ: ಆಶಾ ಕಾರ್ಯಕರ್ತೆ ಬರಲಿಲ್ಲ, ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿತು, ಪ್ಯಾಕೆಟ್ ಸಿಗುವಾಗ ನಾಲ್ಕು ದಿನ ಕಳೆದಿತ್ತು. ಜೂನ್ ಹಿಡಿಯುವ ಮೊದಲೇ ಮೂರು ಪ್ಯಾಕೆಟ್ ಮನೆಯಲ್ಲಿಟ್ಟುಕೊಳ್ಳಿ, ಅಕ್ಕಿ ಸೌದೆ ಕೂಡಿಡುವ ಹಾಗೆ.

ಮೊದಲ ವಾರದಲ್ಲಿ ಎರಡು ಅಥವಾ ಹೆಚ್ಚು ತಪ್ಪಿ, ಹಿಂದಿನ ಐದು ದಿನಗಳಲ್ಲಿ ಕಾಂಡೋಮ್ ಇಲ್ಲದ ಸಂಪರ್ಕವಾಗಿದ್ದರೆ ತುರ್ತು ಗುಳಿಗೆಯ ಬಗ್ಗೆ ಕೂಡಲೇ ಕೇಳಬೇಕು. ಮೂರನೆಯ ವಾರದಲ್ಲಿ ಹಾಗೆ ಎರಡು ಅಥವಾ ಹೆಚ್ಚು ತಪ್ಪಿದ್ದರೆ ಬಿಳಿ ಗುಳಿಗೆಗಳನ್ನು ಮುಗಿಸಿ, ಕಂದನ್ನು ಬಿಟ್ಟು, ಮರುದಿನವೇ ಹೊಸ ಪ್ಯಾಕೆಟ್ ಶುರು ಮಾಡಬೇಕು.

ಬೆಟ್ಟದ ಮೇಲಿನವಳು | ಡಿಸೆಂಬರ್ 14, ಬೆಳಿಗ್ಗೆ 11.00

ಸಿಸ್ಟರ್, ನನಗೆ ಕೊಟ್ಟಿರುವುದು ಛಾಯಾ. ಮೇಲಿನ ಲೆಕ್ಕ ನನಗೂ ಅನ್ವಯಿಸುತ್ತದೆಯೇ? ನಾನು ಇಷ್ಟು ದಿನ ದಿನಕ್ಕೊಂದು ನುಂಗಬೇಕಿತ್ತೇನೋ ಎಂದು ಈಗ ಭಯವಾಗುತ್ತಿದೆ.

ನಿವೃತ್ತ ಸಿಸ್ಟರ್ | ಡಿಸೆಂಬರ್ 14, ಮಧ್ಯಾಹ್ನ 12.15

ಇಲ್ಲ, ಖಂಡಿತ ದಿನಕ್ಕೊಂದು ನುಂಗಬೇಡಿ. ಛಾಯಾದಲ್ಲಿರುವುದು ಸೆಂಟ್‌ಕ್ರೋಮನ್, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಹಾರ್ಮೋನಲ್ಲದ ಔಷಧಿ. ಮೊದಲ ಗುಳಿಗೆ ಮುಟ್ಟಿನ ಮೊದಲ ದಿನ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರುವಾದರೆ ಭಾನುವಾರ ಮತ್ತು ಬುಧವಾರ, ಮೂರು ತಿಂಗಳಾದ ಮೇಲೆ ಬರೀ ಭಾನುವಾರ. ತಪ್ಪಿ ಏಳು ದಿನದೊಳಗೆ ನೆನಪಾದರೆ ಕೂಡಲೇ ನುಂಗಿ, ಮುಂದಿನ ಮುಟ್ಟಿನ ತನಕ ಕಾಂಡೋಮ್ ಬಳಸಬೇಕು. ಏಳು ದಿನ ಮೀರಿದ್ದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರ ಲೆಕ್ಕದಿಂದ ಶುರು ಮಾಡಬೇಕು. ಹಾಲೂಡಿಸುವವರೂ ಇದನ್ನು ತೆಗೆದುಕೊಳ್ಳಬಹುದು. ಮಾಲಾ-ಎನ್ ಮಾತ್ರ ಹೆರಿಗೆಯಾಗಿ ಆರು ತಿಂಗಳ ತನಕ ಹಾಲೂಡಿಸುವವರಿಗೆ ತಕ್ಕದ್ದಲ್ಲ.

ಹಳೇ ತಲೆ | ಡಿಸೆಂಬರ್ 14, ಸಂಜೆ 4.30

ನನಗೆ ಅರವತ್ತೆಂಟು ವರ್ಷ, ಮೊಮ್ಮಗಳು ಈ ಚರ್ಚೆಯನ್ನು ಓದಿ ಹೇಳಿದಳು. ಹೊಸದಾಗಿ ಮದುವೆಯಾದವರು ಇಂಥ ಗುಳಿಗೆ ತಿಂದರೆ ಮುಂದೆ ಮಕ್ಕಳೇ ಆಗುವುದಿಲ್ಲವೆಂದು ನಮ್ಮ ಕಡೆ ಹೇಳುತ್ತಾರೆ. ಆ ಹುಡುಗಿಗೆ ಇದನ್ನೂ ತಿಳಿಸಬೇಡವೇ?

ಹೂಮಳೆ | ಡಿಸೆಂಬರ್ 14, ಸಂಜೆ 6.00

ಅಮ್ಮಾ, ನನ್ನ ಅತ್ತೆಯೂ ಹಾಗೆಯೇ ಹೇಳುತ್ತಿದ್ದರು. ಗುಳಿಗೆ ನಿಲ್ಲಿಸಿದ ಮೂರನೆಯ ತಿಂಗಳಿಗೇ ನನಗೆ ನಿಂತಿತು, ಆ ಮಗಳು ಈಗ ಎಲ್‌ಕೆಜಿಗೆ ಹೋಗುತ್ತಿದ್ದಾಳೆ.

ನಿವೃತ್ತ ಸಿಸ್ಟರ್ | ಡಿಸೆಂಬರ್ 14, ಸಂಜೆ 7.20

ಅಮ್ಮನವರೇ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಈ ಗುಳಿಗೆ ಅಂಡಾಶಯವನ್ನು ಕಾಯಂ ಆಗಿ ಮುಚ್ಚಿಬಿಡುವಂಥದ್ದಾಗಿದ್ದರೆ, ಎರಡು ದಿನ ತಪ್ಪಿದ್ದಕ್ಕೆ ನಾವು ಇಷ್ಟೆಲ್ಲ ಲೆಕ್ಕ ಹಾಕಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಬಿಟ್ಟ ಕೂಡಲೇ ಫಲವತ್ತತೆ ಮರಳುತ್ತದೆ, ತೊಡಕೂ ಅದೇ. ಒಂದೂ ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ, ಮರೆವು ತಡ ಎಲ್ಲ ಸೇರಿದ ದಿನನಿತ್ಯದ ಬಳಕೆಯಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ನಿಲ್ಲುತ್ತದೆ.

ಎಲ್ಲರಿಗೂ ಇದು ಆಗಿಬರುತ್ತದೆ ಎಂದಲ್ಲ. ರಕ್ತದೊತ್ತಡ ಇರುವವರು, ಕಣ್ಣಿಗೆ ಮಿಂಚು ಕಟ್ಟಿ ಬರುವ ಅರೆತಲೆನೋವಿನವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಮೂವತ್ತೈದು ದಾಟಿ ಬೀಡಿ ಸಿಗರೇಟು ಸೇದುವವರು ಎರಡು ಹಾರ್ಮೋನಿನ ಗುಳಿಗೆ ತೆಗೆದುಕೊಳ್ಳಬಾರದು. ಶುರು ಮಾಡುವ ಮೊದಲು ಬಿ.ಪಿ. ನೋಡಿಸಿಕೊಳ್ಳಬೇಕು. ತೋಟದ ಮನೆಯವರು ನೋಡಿಸಿದ್ದಾರೋ ಇಲ್ಲವೋ, ನೋಡಿಸಿರದಿದ್ದರೆ ಕಿಟ್ ತರಲು ಹೋದಾಗ ಅದನ್ನೂ ಮುಗಿಸಿಕೊಳ್ಳಿ.

ಶನಿವಾರಸಂತೆ ರಸ್ತೆ | ಡಿಸೆಂಬರ್ 15, ಬೆಳಿಗ್ಗೆ 9.30

ನನ್ನ ನಾದಿನಿ ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಗರ್ಭನಿರೋಧಕ ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ನುಂಗುತ್ತಾಳೆ. ಅವಳಿಗೇನಾದರೂ ಹೇಳಬೇಕೇ?

ನಿವೃತ್ತ ಸಿಸ್ಟರ್ | ಡಿಸೆಂಬರ್ 15, ಬೆಳಿಗ್ಗೆ 10.10

ಇಂದೇ ಹೇಳಿ. ಕ್ಷಯದ ಮಾತ್ರೆಗಳಲ್ಲಿರುವ ರಿಫಾಂಪಿಸಿನ್ ಈ ಹಾರ್ಮೋನುಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ. ಒಂದು ನಿಮಿಷವೂ ತಡಮಾಡದೆ ನುಂಗಿದರೂ ರಕ್ಷಣೆ ನಂಬುವಂತಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್ ಕೂಡ ಹಾಗೆಯೇ. ಅವರು ಕಾಪರ್-ಟಿ ಬಗ್ಗೆ ವೈದ್ಯರಲ್ಲಿ ಕೇಳಲಿ, ಅಲ್ಲಿಯವರೆಗೆ ಕಾಂಡೋಮ್ ಇರಲಿ. ಕ್ಷಯದ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ನೆಗಡಿ ಗಂಟಲುನೋವಿಗೆ ಕೊಡುವ ಸಾಮಾನ್ಯ ಆ್ಯಂಟಿಬಯಾಟಿಕ್‌ಗಳಿಂದ ಈ ತೊಂದರೆಯಿಲ್ಲ.

ತೋಟದ ಮನೆ | ಡಿಸೆಂಬರ್ 19, ಬೆಳಿಗ್ಗೆ 7.15

ಕಾಯಲಾಗದೆ ಇಂದೇ ಪರೀಕ್ಷೆ ಮಾಡಿದೆ. ಒಂದೇ ಗೆರೆ ಬಂದಿದೆ. ಇಂದು ರಾತ್ರಿಗೆ ಬಿಳಿ ಗುಳಿಗೆಗಳು ಮುಗಿಯುತ್ತವೆ. ಒಂದು ಮಾತು ಕೇಳಬೇಕಿತ್ತು ಸಿಸ್ಟರ್, 25ಕ್ಕೆ ಎರಡು ಗೆರೆ ಬಂದರೆ ನಾವು ಏನು ಮಾಡಬೇಕು?

ನಿವೃತ್ತ ಸಿಸ್ಟರ್ | ಡಿಸೆಂಬರ್ 19, ಬೆಳಿಗ್ಗೆ 8.00

ಒಂದೇ ಗೆರೆ ಬಂದದ್ದು ಸಮಾಧಾನದ ಸುದ್ದಿ, ಆದರೆ ಕೊನೆಯ ಉತ್ತರವಲ್ಲ. 25ಕ್ಕೆ ಮತ್ತೆ ಮಾಡಿ.

ಎರಡು ಗೆರೆ ಬಂದರೆ ಗುಳಿಗೆ ನಿಲ್ಲಿಸಿ ಪ್ರಸೂತಿ ವೈದ್ಯರನ್ನು ಕಾಣಬೇಕು. ಮಡಿಕೇರಿಯ ಜಿಲ್ಲಾಸ್ಪತ್ರೆಗೂ ಹೋಗಬಹುದು. ಮಗುವನ್ನು ಉಳಿಸಿಕೊಳ್ಳುವುದಾದರೆ ಈವರೆಗಿನ ಗುಳಿಗೆಯ ಬಗ್ಗೆ ಚಿಂತೆ ಬೇಡ. ಬೇಡವೆಂದಾದರೆ 1971ರ ಗರ್ಭಪಾತ ಕಾಯಿದೆ, 2021ರ ತಿದ್ದುಪಡಿಯೊಂದಿಗೆ, ಗರ್ಭನಿರೋಧಕ ವಿಫಲವಾದದ್ದನ್ನು ಒಂದು ಕಾರಣವೆಂದೇ ಒಪ್ಪುತ್ತದೆ. 20 ವಾರದ ತನಕ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಬೇಕು, ಗಂಡನ ಅಥವಾ ಅತ್ತೆಯ ಸಹಿ ಬೇಕಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ. ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲೇ ನುಂಗುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ.

ತೋಟದ ಮನೆ | ಡಿಸೆಂಬರ್ 27, ರಾತ್ರಿ 8.25

23ಕ್ಕೆ ಸ್ರಾವ ಶುರುವಾಯಿತು. ಎಂದಿಗಿಂತ ಕಡಿಮೆ, ಮೂರೇ ದಿನ. ನೀವು ಹೇಳಿದ್ದಿರೆಂದು ಅದನ್ನು ನಂಬಿ ಕೂರದೆ ನಿನ್ನೆ ಬೆಳಿಗ್ಗೆ, ಇಪ್ಪತ್ತೆರಡನೆಯ ದಿನಕ್ಕೆ, ಇನ್ನೊಂದು ಕಿಟ್‌ನಲ್ಲಿ ನೋಡಿದೆ. ಒಂದೇ ಗೆರೆ. ಎಷ್ಟು ಹೊತ್ತು ನೋಡುತ್ತ ನಿಂತರೂ ಎರಡನೆಯದು ಮೂಡಲಿಲ್ಲ. ಉಪಕೇಂದ್ರದಲ್ಲಿ ಬಿ.ಪಿ. ನೋಡಿದರು, ಸರಿಯಾಗಿದೆ. ಇನ್ನೆರಡು ಪ್ಯಾಕೆಟ್ ಕೂಡ ತಂದುಕೊಂಡಿದ್ದೇನೆ.

ಕಂದು ಗುಳಿಗೆಗಳು ನಿನ್ನೆಗೆ ಮುಗಿದವು, ಇಂದು ಎಂಟಕ್ಕೆ ಹೊಸ ಪ್ಯಾಕೆಟ್‌ನ ಮೊದಲನೆಯದು. ಪ್ಯಾಕೆಟ್ ಈಗ ಸಕ್ಕರೆ ಡಬ್ಬಿಯ ಹಿಂದಿಲ್ಲ, ನನ್ನ ಪರ್ಸಿನಲ್ಲಿದೆ, ಆನೆ ಬಂದರೂ ಜೊತೆಗೇ ಬರುತ್ತದೆ. ಯಜಮಾನರು ಹಳೆಯ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಪ್ಪತ್ತೆಂಟು ಮನೆ ಗೀರಿ, ಆಳುಗಳ ಹಾಜರಿ ಹಾಕುವಂತೆಯೇ ಮೊದಲ ಮನೆಯಲ್ಲಿ ಒಂದು ಗೆರೆ ಎಳೆದಿದ್ದಾರೆ.